ಪದ ಪರಿಚಯ: ಮಿಶ್ರ ಪ್ರತಿಕ್ರಿಯೆ

2024ರ ಸೆಪ್ಟೆಂಬರಿನಲ್ಲಿ ಹಿಂದಿ ಹಾರರ್ ಸಿನಿಮಾ ‘ತುಂಬಾಡ್’ ಮತ್ತೆ ಥಿಯೇಟರಿಗೆ ಬಂತು. ಅಕ್ಕ, ಭಾವನ ಜೊತೆ ನಾನೂ ಹೋಗಿದ್ದೆ. ಮುಗಿದ ಮೇಲೆ ಮುಂಬೈನ ಮಾಟುಂಗಾದಲ್ಲಿ ಕಾಫಿಗೆ ಕೂತೆವು. ಭಾವ ಅರ್ಧ ಲೋಟ ಮುಗಿಸುವವರೆಗೆ ಮಾತಾಡಲಿಲ್ಲ. ಆಮೇಲೆ, “ದೆವ್ವದ ಸಿನಿಮಾ ಅಂದಿರಿ. ಬರೀ ಮಳೆ ಮಾರಾಯ, ಬರೀ ಕತ್ತಲೆ” ಅಂದರು. ಅಕ್ಕ ಬಿಡಲಿಲ್ಲ. “ಅಲ್ರೀ, ಆ ಹಿಟ್ಟಿನ ಗೊಂಬೆ ನೋಡಿ ನನ್ನ ಕೈ ತಣ್ಣಗಾಗಿತ್ತು. ನಾಳೆ ಚಪಾತಿ ಹಿಟ್ಟು ಹೇಗೆ ಕಲಸಲಿ?”

ಇಂಥದ್ದನ್ನೇ ಪೇಪರಿನವರು ‘ಮಿಶ್ರ ಪ್ರತಿಕ್ರಿಯೆ’ ಎಂದು ಬರೆಯುತ್ತಾರೆ. ಗಾಂಧಿನಗರದ ಮಾತಲ್ಲಿ ‘ಮಿಕ್ಸ್ಡ್ ಟಾಕ್’. ಓದಿದವರು ‘ಓ, ಸುಮಾರಾಗಿದೆ’ ಎಂದುಕೊಂಡು ಟಿಕೆಟ್ ತೆಗೆಯುವುದನ್ನೇ ಬಿಡುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ.

ಬೆರೆಯುವುದರಲ್ಲಿ ಎರಡು ರೀತಿ ಇದೆ. ಹಾಲಿಗೆ ನೀರು ಹಾಕಿದರೆ ಎಲ್ಲ ಗುಟುಕೂ ಒಂದೇ ಥರ ಸಪ್ಪೆ. ಚಿವ್ಡಾದಲ್ಲಿ ಹಾಗಲ್ಲ. ಶೇಂಗಾ ಶೇಂಗಾದ ಹಾಗೇ ಇರುತ್ತದೆ, ಮೆಣಸಿನಕಾಯಿ ಮೆಣಸಿನಕಾಯಿಯ ಹಾಗೇ. ಹತ್ತು ಜನ ಹತ್ತಕ್ಕೆ ಐದು ಕೊಟ್ಟರೂ ಸರಾಸರಿ ಐದು. ಐದು ಜನ ಒಂಬತ್ತು, ಐದು ಜನ ಒಂದು ಕೊಟ್ಟರೂ ಐದೇ. ಮೊದಲನೆಯದು ಯಾರಿಗೂ ನೆನಪಿರದ ಸಿನಿಮಾ. ಎರಡನೆಯದರ ಬಗ್ಗೆ ಮನೆಮನೆಯಲ್ಲಿ ಜಗಳ. ಎರಡಕ್ಕೂ ನಾವು ಇಟ್ಟಿರುವ ಹೆಸರು ಮಾತ್ರ ಒಂದೇ.

ಅಂಕಿಗಳನ್ನು ನಂಬಿದರೂ ಈ ಗೊಂದಲ ಬಿಡಿಸಿಕೊಳ್ಳುವುದಿಲ್ಲ. ವಿಮರ್ಶೆಗಳನ್ನು ಒಟ್ಟು ಮಾಡುವ ಮೆಟಾಕ್ರಿಟಿಕ್ ವೆಬ್‌ಸೈಟ್ ವಿಮರ್ಶಕರ ಅಂಕಗಳ ಸರಾಸರಿ ತೆಗೆಯುತ್ತದೆ, 40ರಿಂದ 60ರ ನಡುವೆ ಬಂದರೆ ಮಿಶ್ರ ಎನ್ನುತ್ತದೆ. ಅಂಥದ್ದೇ ಇನ್ನೊಂದು ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್‌ನ ಶೇಕಡಾ ಲೆಕ್ಕವೇ ಬೇರೆ. ಎಷ್ಟು ಜನ ಮೆಚ್ಚಿದರು ಎನ್ನುವುದಷ್ಟೇ ಅದರಲ್ಲಿ ಬರುತ್ತದೆ, ಎಷ್ಟು ಮೆಚ್ಚಿದರು ಎನ್ನುವುದಲ್ಲ.

ಜಾಡು ಬಿಟ್ಟ ಹಾರರ್ ಸಿನಿಮಾಗಳಿಗೆ ಈ ಚಿವ್ಡಾ ಥರದ ಮಿಶ್ರಣವೇ ಜಾಸ್ತಿ. ಹಾರರ್ ಅಂದರೆ ಜನ ಬೆಚ್ಚಿಬೀಳೋಕೆ ಅಂತಲೇ ಬರುತ್ತಾರೆ. ಬಾಗಿಲು ದಡಾರನೆ ಬಡಿಯಬೇಕು, ಹಿಂದೆ ಯಾರೋ ನಿಂತಿರಬೇಕು. ಅದರ ಬದಲು ಭಯವನ್ನು ಮೆಲ್ಲಗೆ ಬೇಯಿಸುತ್ತಾ ಕೂತರೆ ಅರ್ಧ ಥಿಯೇಟರ್ ಮೋಸ ಹೋದ ಹಾಗೆ ಎದ್ದು ಬರುತ್ತದೆ. 2018ರ ‘ಹೆರೆಡಿಟರಿ’ಯನ್ನು ವಿಮರ್ಶಕರು ಎತ್ತಿ ಹಿಡಿದರು. ಅಮೆರಿಕದಲ್ಲಿ ಬಿಡುಗಡೆಯ ಹೊತ್ತಿಗೇ ಪ್ರೇಕ್ಷಕರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಡಿ ಪ್ಲಸ್.

‘ತುಂಬಾಡ್’ ಕಥೆ ಇನ್ನೂ ಬೇರೆ. ಅದೇ 2018ರಲ್ಲಿ ವೆನಿಸ್ ಚಿತ್ರೋತ್ಸವದ ‘ವಿಮರ್ಶಕರ ವಾರ’ ವಿಭಾಗ ಶುರುವಾಗಿದ್ದೇ ಈ ಚಿತ್ರದಿಂದ. ಅಕ್ಟೋಬರಿನಲ್ಲಿ ಇಲ್ಲಿ ಬಿಡುಗಡೆಯಾದಾಗ ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದರು, ಗಳಿಕೆ ಮಾತ್ರ ಸಾಧಾರಣ. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹರಡಿ, ಮರುಬಿಡುಗಡೆಯಲ್ಲಿ ಮೊದಲ ಸಲಕ್ಕಿಂತ ಜಾಸ್ತಿ ದುಡ್ಡು ಬಂತು. ಇದನ್ನೂ ಮಿಶ್ರ ಎಂದರೆ ತಪ್ಪಾಗುತ್ತದೆ. ನಮ್ಮ ಮನೆಯಲ್ಲಿ ಒಡೆದಿದ್ದರೂ ಒಟ್ಟಾರೆ ಅಭಿಪ್ರಾಯ ಒಡೆದಿರಲಿಲ್ಲ, ಜನ ತಡವಾಗಿ ಬಂದರು ಅಷ್ಟೆ.

ಹಾಗಾಗಿ ಈ ಪದ ಕಂಡರೆ ನಾನು ವಿಮರ್ಶೆಯೊಳಗಿನ ಮಾತು ಹುಡುಕುತ್ತೇನೆ. ಎಲ್ಲರೂ ‘ಒಂದು ಸಲ ನೋಡಬಹುದು’ ಎಂದಿದ್ದರೆ ಅದು ನೀರು ಹಾಲು. ಒಬ್ಬರು ಬೈದದ್ದನ್ನೇ ಇನ್ನೊಬ್ಬರು ಹೊಗಳಿದ್ದರೆ ಟಿಕೆಟ್ ತೆಗೆಯುತ್ತೇನೆ.

ಅವತ್ತು ಕಾಫಿ ಮುಗಿಯುವಾಗ ಅಕ್ಕ ಹೇಳಿದ್ದೂ ಮಳೆಯ ಬಗ್ಗೆಯೇ. “ಆ ಮಳೆ ನಿಲ್ಲೋದೇ ಇಲ್ಲ ನೋಡಿ, ನನಗೆ ಹೆದರಿಕೆ ಆಗಿದ್ದೇ ಅದಕ್ಕೆ.”