ಕಂತಿನ ಗೇಮಿಗೆ ಅಂಕ ಕೊಡುವುದು ಯಾವಾಗ?

ಕಂತು ಕಂತಾಗಿ ಬಂದ ಝಾಂಬಿ ಕಥೆಯ ‘ದಿ ವಾಕಿಂಗ್ ಡೆಡ್’ ಗೇಮಿನ ಹಳೆಯ ವಿಮರ್ಶೆಗಳನ್ನು ಓದುವಾಗ ಮೊದಲು ನೋಡಬೇಕಾದ್ದು ಅಂಕವನ್ನಲ್ಲ, ತಾರೀಕನ್ನು. ಟೆಲ್‌ಟೇಲ್ ಗೇಮ್ಸ್ ಕಂಪನಿ ಇದರ ಮೊದಲ ಕಂತನ್ನು ಬಿಟ್ಟದ್ದು 2012ರ ಏಪ್ರಿಲ್ 24ಕ್ಕೆ. ತಿಂಗಳಿಗೊಂದು ಕಂತು ಎಂಬ ಲೆಕ್ಕ ಇತ್ತು, ನಡೆಯಲಿಲ್ಲ. ಎರಡನೆಯದು ಜೂನ್ ಕೊನೆಗೆ, ಮೂರನೆಯದು ಆಗಸ್ಟ್ ಕೊನೆಗೆ, ನಾಲ್ಕನೆಯದು ಅಕ್ಟೋಬರಿನಲ್ಲಿ, ಐದನೆಯದು ನವೆಂಬರಿನಲ್ಲಿ ಬಂತು. ಏಪ್ರಿಲಿನಲ್ಲಿ ಬರೆದವರ ಮುಂದೆ ಇದ್ದದ್ದು ಎರಡು, ಎರಡೂವರೆ ಗಂಟೆಯ ಆಟ ಮತ್ತು ‘ನಿಮ್ಮ ಆಯ್ಕೆಗೆ ತಕ್ಕಂತೆ ಕಥೆ ಬದಲಾಗುತ್ತದೆ’ ಎಂಬ ಭರವಸೆ. ಆಗ ಕೊಟ್ಟ ಅಂಕದಲ್ಲಿ ಅರ್ಧ ಆ ಭರವಸೆಗೇ ಸಂದಿತ್ತು. ನವೆಂಬರಿನಲ್ಲಿ ಬರೆದವರಿಗೆ ಆ ಭರವಸೆಯ ಸಾಲ ಎಷ್ಟು ತೀರಿದೆ ಎಂದು ಗೊತ್ತಿತ್ತು. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ‘ವಿಮರ್ಶಕರು ಹೊಗಳಿದ್ದಾರೆ’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಮಣಿಪಾಲ, ಸುರತ್ಕಲ್ ಕಡೆಯ ಹಾಸ್ಟೆಲುಗಳಲ್ಲಿ ಕೂತು ಕನ್ನಡದಲ್ಲಿ ಗೇಮ್ ರಿವ್ಯೂ ಮಾಡಲು ಹೊರಟವರಿಗೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಗೇಮ್ ಸಿಗುವುದು ಕಷ್ಟ. ಕಥೆ ಹಳೆಯದಾದ್ದರಿಂದ ಮುಂದೆ ಗುಟ್ಟುಗಳನ್ನೆಲ್ಲ ಬಿಟ್ಟುಕೊಡುತ್ತೇನೆ. ಆಡದವರು ಆಡಿ ಬಂದು ಓದಬಹುದು.

ಆ ಹೊತ್ತಿನ ಹವೆ ಹೇಗಿತ್ತು ಎನ್ನುವುದು ಮುಖ್ಯ. ಟೆಲ್‌ಟೇಲ್‌ನವರು ಹಿಂದಿನ ವರ್ಷವಷ್ಟೇ ತಂದಿದ್ದ ‘ಜುರಾಸಿಕ್ ಪಾರ್ಕ್’ ಗೇಮ್, ಪರದೆಯಲ್ಲಿ ಗುರುತು ಕಂಡಾಗ ಗುಂಡಿ ಒತ್ತುವುದೇ ಆಟವಾಯಿತಲ್ಲ ಎಂದು ಬೈಸಿಕೊಂಡಿತ್ತು. ಹಾಗಾಗಿ ಹೊಸದರ ಮೇಲೆ ದೊಡ್ಡ ನಿರೀಕ್ಷೆ ಇರಲಿಲ್ಲ. ಇನ್ನೊಂದು ಕಡೆ 2012ರ ಮಾರ್ಚಿನಲ್ಲಿ ಬಂದ ‘ಮಾಸ್ ಎಫೆಕ್ಟ್ 3’ರ ಅಂತ್ಯದ ಬಗ್ಗೆ ರಂಪವೇ ಆಗಿತ್ತು. ಮೂರು ಗೇಮುಗಳ ಉದ್ದಕ್ಕೂ ಮಾಡಿದ ಆಯ್ಕೆಗಳು ಕೊನೆಗೆ ಲೆಕ್ಕಕ್ಕೇ ಬರಲಿಲ್ಲ ಎಂಬ ಸಿಟ್ಟು ಎಷ್ಟಿತ್ತೆಂದರೆ ಜೂನಿನಲ್ಲಿ ಅಂತ್ಯವನ್ನು ಹಿಗ್ಗಿಸಿದ ಆವೃತ್ತಿಯನ್ನೇ ಕೊಡಬೇಕಾಯಿತು. ಗೇಮುಗಳಲ್ಲಿ ‘ಆಯ್ಕೆ’ ಎಂದರೆ ಏನು ಎಂಬ ಜಗಳ ಬಿಸಿಯಾಗಿದ್ದಾಗಲೇ ಈ ಗೇಮಿನ ಲೀ ಎವರೆಟ್ ಮತ್ತು ಕ್ಲೆಮೆಂಟೈನ್ ಬಂದದ್ದು.

ವಿಮರ್ಶಕರು ಮೆಚ್ಚಿದ್ದು ಝಾಂಬಿಗಳನ್ನಲ್ಲ. ಕೊಲೆಯ ಅಪರಾಧಿಯಾಗಿ ಜೈಲಿಗೆ ಹೊರಟಿದ್ದ ಲೀ, ಅಪ್ಪ-ಅಮ್ಮ ಇಲ್ಲದೆ ಮನೆಯಲ್ಲಿ ಒಂಟಿಯಾಗಿ ಉಳಿದಿದ್ದ ಪುಟ್ಟ ಹುಡುಗಿ ಕ್ಲೆಮೆಂಟೈನ್, ಈ ಇಬ್ಬರ ನಂಟು. ಡೇವ್ ಫೆನಾಯ್ ಮತ್ತು ಮೆಲಿಸಾ ಹಚಿಸನ್ ಕೊಟ್ಟ ದನಿ. ಶಾನ್ ವಾನಮನ್, ಜೇಕ್ ರಾಡ್ಕಿನ್ ಮುಂದಾಳತ್ವದ ಬರವಣಿಗೆ. ಡಿಸೆಂಬರಿನಲ್ಲಿ ಸ್ಪೈಕ್ ವಿಡಿಯೋ ಗೇಮ್ ಪ್ರಶಸ್ತಿಯಲ್ಲಿ ‘ಡಿಸ್‌ಆನರ್ಡ್’, ‘ಜರ್ನಿ’, ‘ಮಾಸ್ ಎಫೆಕ್ಟ್ 3’ರಂಥವನ್ನು ಹಿಂದಿಕ್ಕಿ ವರ್ಷದ ಗೇಮ್ ಆಯಿತು, 2013ರಲ್ಲಿ ಕಥೆಗಾಗಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಝಾಂಬಿ ಮತ್ತು ಹೆಸರು ಎರಡೇ ಸಾಲದು ಎನ್ನಲು ಸಾಕ್ಷಿಯೂ ಅದೇ ವರ್ಷ ಸಿಕ್ಕಿತು. ಮಾರ್ಚಿನಲ್ಲಿ ‘ದಿ ವಾಕಿಂಗ್ ಡೆಡ್’ ಟಿವಿ ಸರಣಿಯ ಹೆಸರು ಹೊತ್ತು ಬಂದ ‘ಸರ್ವೈವಲ್ ಇನ್‌ಸ್ಟಿಂಕ್ಟ್’ ಎಂಬ ಶೂಟಿಂಗ್ ಗೇಮನ್ನು ವಿಮರ್ಶಕರು ಎತ್ತಿ ಬಿಸಾಡಿದರು.

ಇನ್ನು ದೊಡ್ಡ ತಕರಾರು. ‘ಆಯ್ಕೆ ಬರೀ ತೋರಿಕೆ’ ಎನ್ನುವುದು. ಇದನ್ನು ಸುಮ್ಮನೆ ಒಪ್ಪುವುದೂ ಬೇಡ, ತಳ್ಳಿಹಾಕುವುದೂ ಬೇಡ, ಕಂತು ಕಂತಾಗಿ ಬಿಡಿಸಿ ನೋಡಬೇಕು.

ಮೊದಲ ಕಂತಿನ ಹೊಲದಲ್ಲಿ ಟ್ರ್ಯಾಕ್ಟರ್ ಬಳಿ ಹೊಲದ ಮನೆಯ ಹುಡುಗ ಶಾನ್‌ನನ್ನು ಕಾಪಾಡುವುದೋ, ಜೊತೆಗಾರ ಕೆನಿಯ ಮಗ ಡಕ್‌ನನ್ನೋ? ಯಾರ ಕಡೆ ಓಡಿದರೂ ಸಾಯುವುದು ಶಾನ್. ಅದೇ ಕಂತಿನ ಕೊನೆಗೆ ಮೇಕನ್ ಪಟ್ಟಣದ ಔಷಧಿ ಅಂಗಡಿಯಲ್ಲಿ ಡಗ್ ಅಥವಾ ಕಾರ್ಲಿ, ಒಬ್ಬರನ್ನು ಮಾತ್ರ ಉಳಿಸಬಹುದು. ಇದು ನಿಜವಾದ ಕವಲು, ಎರಡನೆಯ ಕಂತಿನ ಉದ್ದಕ್ಕೂ ಉಳಿದವರೇ ಬೇರೆ. ಆದರೆ ಮೂರನೆಯ ಕಂತಿನಲ್ಲಿ ಗುಂಪಿನವಳೇ ಆದ ಲಿಲಿಯ ಗುಂಡಿಗೆ ಉಳಿದವರೂ ಬಲಿ, ಎರಡು ದಾರಿ ಮತ್ತೆ ಒಂದಾಗುತ್ತವೆ. ಎರಡನೆಯ ಕಂತಿನ ಮಾಂಸದ ಕೋಣೆಯಲ್ಲಿ ಎದೆಹಿಡಿದು ಬಿದ್ದ ಲ್ಯಾರಿಯನ್ನು ಬದುಕಿಸಲು ಅವನ ಮಗಳು ಲಿಲಿಯ ಜೊತೆ ಕೈಜೋಡಿಸಿದರೂ, ಎದ್ದು ಝಾಂಬಿ ಆದಾನು ಎಂದು ಹೆದರಿದ ಕೆನಿಯ ಜೊತೆ ನಿಂತರೂ, ಉಪ್ಪಿನ ಗಟ್ಟಿ ತಲೆ ಮೇಲೆ ಬೀಳುವುದು ತಪ್ಪುವುದಿಲ್ಲ. ಐದನೆಯ ಕಂತಿನಲ್ಲಿ ಕಚ್ಚಿಸಿಕೊಂಡ ಕೈ ಕತ್ತರಿಸಿದರೂ ಬಿಟ್ಟರೂ ಲೀ ಉಳಿಯುವುದಿಲ್ಲ.

ಹಾಗಾದರೆ ತಕರಾರು ಸರಿಯೇ? ನಮ್ಮ ಊರಿನವರಿಗೆ ಇದಕ್ಕೆ ಉತ್ತರ ಹೇಳಿಕೊಡಬೇಕಾಗಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ಮಳೆಗಾಲದ ತಾಳಮದ್ದಳೆ ಕೂಟಕ್ಕೆ ಹೋಗುವವರಿಗೆ ವಾಲಿ ಸಾಯುತ್ತಾನೆ ಎಂದು ಗೊತ್ತಿಲ್ಲವೇ? ವೇಷವಿಲ್ಲ, ಕುಣಿತವಿಲ್ಲ, ಪ್ರಸಂಗದ ಕೊನೆ ಎಲ್ಲರಿಗೂ ಬಾಯಿಪಾಠ. ಆದರೂ ಬಿದ್ದ ವಾಲಿ ರಾಮನನ್ನು ಯಾವ ಮಾತಿನಲ್ಲಿ ಕೇಳುತ್ತಾನೆ, ರಾಮ ಯಾವ ಮಾತಿನಲ್ಲಿ ನಿಭಾಯಿಸುತ್ತಾನೆ ಎಂದು ಮಧ್ಯರಾತ್ರಿವರೆಗೆ ಕೂತು ತೂಗುತ್ತೇವೆ. ಪಾತ್ರದ ಮಾತಾಡುವ ಅರ್ಥಧಾರಿ ಬದಲಾದರೆ ಅದೇ ಸಾವಿಗೆ ಬೇರೆ ಅರ್ಥ. ಟೆಲ್‌ಟೇಲ್‌ನ ಗೇಮಿನಲ್ಲಿ ಆಡುವವರ ಕೈಗೆ ಕೊಟ್ಟದ್ದು ಹಾಡಿ ಕಥೆ ನಡೆಸುವ ಭಾಗವತಿಕೆಯನ್ನಲ್ಲ, ಮಾತು ಕಟ್ಟುವ ಅರ್ಥಗಾರಿಕೆಯನ್ನು.

ಎರಡನೆಯ ಕಂತಿನ ಆರಂಭವನ್ನೇ ನೋಡಿ. ತಿನ್ನಲು ನಾಲ್ಕು ತುಂಡು, ಬಾಯಿ ಹತ್ತು. ಯಾರಿಗೆ ಕೊಟ್ಟರೂ ಕಥೆ ಡೈರಿ ಫಾರ್ಮಿಗೇ ಹೋಗುತ್ತದೆ. ಆದರೆ ತನಗೆ ಕೊಡದೆ ಮಕ್ಕಳಿಗೆ ಕೊಟ್ಟರೆ ಲ್ಯಾರಿ ಆಡುವ ಮಾತು ಬೇರೆ, ಅವನಿಗೇ ಕೊಟ್ಟರೆ ಬೇರೆ. ಕಂತಿನ ಕೊನೆಗೆ ಕಾಡಿನಲ್ಲಿ ನಿಂತ ಕಾರಿನಿಂದ ಸಾಮಾನು ಎತ್ತಿಕೊಳ್ಳುವ ಪ್ರಶ್ನೆ ಬರುತ್ತದೆ. ನೀವು ಬೇಡವೆಂದರೂ ಉಳಿದವರು ಎತ್ತುತ್ತಾರೆ. ಐದನೆಯ ಕಂತಿನಲ್ಲಿ ಸವಾನಾದ ಹೋಟೆಲ್ ಕೋಣೆಯಲ್ಲಿ ಆ ಕಾರಿನ ಯಜಮಾನ ಎದುರಿಗೆ ಕೂತು ನೀವು ಮಾಡಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಕೇಳುತ್ತಾನೆ. ಐದು ಕಂತಿನ ಇಡೀ ಸೀಸನ್ನಿನಲ್ಲಿ ಆಯ್ಕೆಯ ಲೆಕ್ಕ ತೀರುವ ಜಾಗ ಇದೇ, ಅದು ತೀರುವುದು ಮಾತಿನಲ್ಲಿ. ಏಪ್ರಿಲಿನ ಯಾವ ವಿಮರ್ಶೆಯಲ್ಲೂ ಇದು ಇರಲು ಸಾಧ್ಯವಿರಲಿಲ್ಲ.

ಹಾಗಂತ ಗೇಮಿನದು ತಪ್ಪೇ ಇಲ್ಲ ಎನ್ನಬೇಕಿಲ್ಲ. ಕಂತಿನ ಆರಂಭದಲ್ಲಿ ‘ಕಥೆ ನಿಮ್ಮಂತೆ’ ಎಂದು ಬರೆದು ತೋರಿಸಿದವರು ಟೆಲ್‌ಟೇಲ್‌ನವರೇ, ವಿಮರ್ಶಕರು ಅದನ್ನು ಅಕ್ಷರಶಃ ಓದಿದ್ದರಲ್ಲಿ ತಪ್ಪಿಲ್ಲ.

ಪರೀಕ್ಷಿಸುವ ಕ್ರಮಕ್ಕೆ ಬರೋಣ. ಮೊದಲ ಸಲ ಎಲ್ಲೂ ನಿಲ್ಲಿಸದೆ, ಹಿಂದಕ್ಕೆ ಹೋಗದೆ, ಒಂದು ಕಂತನ್ನು ಒಂದೇ ಕೂತಿನಲ್ಲಿ ಮುಗಿಸಿ. ಆಯ್ಕೆಯ ಅಡಿಯಲ್ಲಿ ಸಮಯದ ಪಟ್ಟಿ ಕರಗುತ್ತಿರುತ್ತದೆ. ನಿಲ್ಲಿಸಿ ಯೋಚಿಸಿದರೆ ಈ ಗೇಮಿನ ಅರ್ಧ ಪರಿಣಾಮ ಹೋಯಿತು. ಸಬ್‌ಟೈಟಲ್ ಹಾಕಿಕೊಳ್ಳಿ. ಜಾರ್ಜಿಯಾ ಕಡೆಯ ಇಂಗ್ಲಿಷ್ ಉಚ್ಚಾರ ನಮ್ಮ ಕಿವಿಗೆ ಹೊಸದು, ಕನ್ನಡದ ಅಕ್ಷರ ಇದರಲ್ಲಿ ಇಲ್ಲ. ಓದುವಷ್ಟರಲ್ಲಿ ಸಮಯ ಮುಗಿದರೆ ಅದನ್ನು ಗೇಮಿನ ದೋಷ ಎಂದು ಬರೆಯುವ ಮೊದಲು, ನಿಮಗೆ ಭಾಷೆ ಅಡ್ಡ ಬಂದದ್ದೋ, ಅವರು ಕೊಟ್ಟ ಸಮಯವೇ ಕಡಿಮೆಯೋ ಎಂದು ಬೇರ್ಪಡಿಸಿ.

ಎರಡನೆಯ ಸಲ ಬೇರೆ ಸೇವ್ ಸ್ಲಾಟಿನಲ್ಲಿ (ಆಟದ ದಾಖಲೆ ಇಡುವ ಬೇರೆ ಜಾಗದಲ್ಲಿ), ಮೊದಲು ಮಾಡಿದ್ದಕ್ಕೆ ನೇರ ವಿರುದ್ಧ ಆಯ್ಕೆಗಳನ್ನು ಮಾಡಿ. ಹಳೆಯ ಸ್ಲಾಟಿನಲ್ಲೇ ಹಿಂದಕ್ಕೆ ಹೋದರೆ ಮೊದಲ ಆಟದ ದಾಖಲೆ ಕೈತಪ್ಪುತ್ತದೆ. ಪಕ್ಕದಲ್ಲಿ ಒಂದು ಹಾಳೆಗೆ ನಾಲ್ಕು ಕಾಲಂ ಎಳೆಯಿರಿ: ಆಯ್ಕೆ, ಕೂಡಲೇ ಬದಲಾದದ್ದು, ಅದೇ ಕಂತಿನಲ್ಲಿ ಮುಂದೆ ಬದಲಾದದ್ದು, ನಂತರದ ಕಂತಿನಲ್ಲಿ ಬದಲಾದದ್ದು. ಕೊನೆಯ ಕಾಲಂ ಹೆಚ್ಚಿನ ಸಾಲುಗಳಲ್ಲಿ ಖಾಲಿ ಬರುತ್ತದೆ. ಎರಡನೆಯ ಕಾಲಂ ತುಂಬಿರುತ್ತದೆ. ‘ಆಯ್ಕೆ ತೋರಿಕೆ’ ಎಂಬ ಒಂದೇ ವಾಕ್ಯಕ್ಕಿಂತ ಈ ಹಾಳೆ ಓದುಗರಿಗೆ ಎಷ್ಟೋ ಹೆಚ್ಚು ಹೇಳುತ್ತದೆ.

ಮೂರನೆಯದಾಗಿ ಮೌನವನ್ನು ಪರೀಕ್ಷಿಸಿ. ಚುಕ್ಕಿಗಳ ಸಾಲು ಇರುವ ಆಯ್ಕೆ ಎಂದರೆ ಲೀ ಸುಮ್ಮನಿರುತ್ತಾನೆ. ಒಂದು ಕಂತಿನಲ್ಲಿ ಆದಷ್ಟೂ ಬಾಯಿ ಬಿಡದೆ ಆಡಿ ನೋಡಿದರೆ ಸಂಭಾಷಣೆ ಬರೆದವರ ಶ್ರಮ ಎಲ್ಲಿ ಇದೆ, ಎಲ್ಲಿ ಕೈಬಿಟ್ಟಿದ್ದಾರೆ ಎಂದು ಗೊತ್ತಾಗುತ್ತದೆ. ಪರದೆಯಲ್ಲಿ ಬರೆದ ಮೂರು ನಾಲ್ಕು ಪದಕ್ಕೂ ಲೀ ಆಡುವ ಪೂರ್ತಿ ಮಾತಿಗೂ ತಾಳೆಯಾಗದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಸಮಾಧಾನದ ಮಾತು ಎಂದು ಆರಿಸಿದರೆ ಅವನು ರೇಗಿದರೆ ಅದು ನಿಜವಾದ ದೋಷ. ಕಂತಿನ ಕೊನೆಯ ಶೇಕಡಾವಾರು ಅಂಕಿಗಳನ್ನು ಮಾತ್ರ ವಿಮರ್ಶೆಗೆ ಎಳೆದು ತರಬೇಡಿ. ಜನ ಏನು ಆರಿಸಿದರು ಎಂದು ಅದು ಹೇಳುತ್ತದೆ, ಆ ದೃಶ್ಯ ಚೆನ್ನಾಗಿದೆಯೇ ಎಂದು ಹೇಳುವುದಿಲ್ಲ.

ತಾಂತ್ರಿಕ ದೋಷಗಳ ವಿಷಯದಲ್ಲಿ 2012ರ ವಿಮರ್ಶಕರು ಸ್ವಲ್ಪ ಉದಾರಿಗಳಾದರು ಎಂದೇ ನನ್ನ ಅಭಿಪ್ರಾಯ. ದೃಶ್ಯ ಬದಲಾಗುವಾಗ ಚಿತ್ರ ತಡವರಿಸುವುದನ್ನು ಹಲವರು ಬರೆದರು, ಬರೆದು ಅಂಕವನ್ನು ಹಾಗೇ ಬಿಟ್ಟರು. ಆಯ್ಕೆಗೆ ಕೆಲವೇ ಸೆಕೆಂಡು ಕೊಡುವ ಗೇಮಿನಲ್ಲಿ ಅರೆ ಸೆಕೆಂಡಿನ ತಡವರಿಕೆ ಸಣ್ಣ ವಿಷಯವಲ್ಲ. ಸೇವ್ ಅಳಿಸಿಹೋಗುವ ದೂರು ಇನ್ನೂ ಗಂಭೀರ. ಶೂಟಿಂಗ್ ಗೇಮಿನಲ್ಲಿ ಸೇವ್ ಹೋದರೆ ಒಂದು ಹಂತ ಮತ್ತೆ ಆಡಿದರಾಯಿತು. ಇಲ್ಲಿ ಹೋಗುವುದು ಹಿಂದಿನ ಕಂತುಗಳ ನಿರ್ಧಾರಗಳು, ಅಂದರೆ ಕಥೆಯೇ. ಎರಡನೆಯ ಸೀಸನ್ನಿಗೆ ಹಳೆಯ ಸೇವ್ ಸಿಗದಿದ್ದರೆ ಗೇಮ್ ತನಗೆ ತೋಚಿದ ಆಯ್ಕೆಗಳನ್ನು ತುಂಬಿಕೊಂಡು ಮುಂದೆ ಹೋಗುತ್ತದೆ. ಹಾಗೆ ಆಡಿ ‘ನನ್ನ ಆಯ್ಕೆಗೆ ಬೆಲೆಯಿಲ್ಲ’ ಎಂದು ಬರೆದರೆ ತಪ್ಪು ಯಾರದು?

ಆಟಿ ತಿಂಗಳ ಮಳೆಯಲ್ಲಿ ಗಳಿಗೆಗೊಮ್ಮೆ ಕರೆಂಟ್ ಹೋಗುವ ನಮ್ಮ ಕಡೆ ಇದಕ್ಕೆ ನಾವೇ ವ್ಯವಸ್ಥೆ ಮಾಡಿಕೊಳ್ಳಬೇಕು. ಗೇಮ್ ತಾನೇ ಸೇವ್ ಮಾಡುತ್ತಿರುವ ಕ್ಷಣದಲ್ಲಿ ಯಂತ್ರ ಆರಿದರೆ ಫೈಲು ಅರ್ಧ ಬರೆದು ನಿಲ್ಲಬಹುದು, ಆಮೇಲೆ ತೆರೆಯದೆ ಹೋಗಬಹುದು. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಇಲ್ಲದೆ ಕೂರಬೇಡಿ. ಪ್ರತಿ ಕಂತು ಮುಗಿದ ಮೇಲೆ ಡಾಕ್ಯುಮೆಂಟ್ಸ್ ಒಳಗಿನ ಟೆಲ್‌ಟೇಲ್ ಗೇಮ್ಸ್ ಫೋಲ್ಡರನ್ನು ಕಂತಿನ ಸಂಖ್ಯೆ ಹಾಕಿ ಪೆನ್‌ಡ್ರೈವಿಗೆ ನಕಲು ಮಾಡಿಡಿ.

ಅಂಕದ ವಿಷಯ. ಕಂತಿಗೊಂದು ಅಂಕ ಕೊಡುವುದಾದರೆ ಕೊಡಿ, ಆದರೆ ಐದನ್ನೂ ಕೂಡಿಸಿ ಐದರಿಂದ ಭಾಗಿಸಿದ್ದನ್ನು ಸೀಸನ್ನಿನ ಅಂಕ ಎನ್ನಬೇಡಿ. ನಾಲ್ಕನೆಯ ಕಂತು ಒಂಟಿಯಾಗಿ ನೋಡಿದರೆ ಸಡಿಲ. ಕ್ರಾಫರ್ಡ್ ಎಂಬ ಕೋಟೆಯೂರಿಗೆ ನುಗ್ಗುವ ಭಾಗ ಬರೀ ಸಾಮಾನು ಹುಡುಕಾಟ. ಆದರೆ ಅದರ ಕೊನೆಯಲ್ಲಿ ಲೀ ಕಚ್ಚಿಸಿಕೊಂಡದ್ದನ್ನು ತೋರಿಸುವುದೋ ಮುಚ್ಚಿಡುವುದೋ, ಜೊತೆಗೆ ಬರುವವರು ಯಾರು ಎಂಬುದು ಐದನೆಯದರ ಬುನಾದಿ. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್‌ನಂಥ ಜಾಲತಾಣಗಳಲ್ಲಿ ಕಂತುಗಳಿಗೂ ಇಡೀ ಸೀಸನ್ನಿಗೂ ಪುಟ ಬೇರೆ, ಒಂದೊಂದು ಯಂತ್ರಕ್ಕೂ ಬೇರೆ. ಯಾವ ಪುಟದ ಅಂಕಿ ಎಂದು ಹೇಳದೆ ಉಲ್ಲೇಖಿಸುವುದು ಕೆಟ್ಟ ಅಭ್ಯಾಸ.

ಸೀಸನ್ ಮುಗಿದ ಮೇಲೂ ತೀರ್ಪು ಬದಲಾಗಬಹುದು. 2014ರಲ್ಲಿ ಎರಡನೆಯ ಸೀಸನ್ ಮುಗಿದಾಗ ಅದರ ಅಂತ್ಯಗಳು ನಿಜವಾಗಿ ಬೇರೆ ಬೇರೆ ಇದ್ದವು, ವಿಮರ್ಶಕರು ಅದಕ್ಕೆ ಸಂತೋಷಪಟ್ಟರು. 2016ರ ಕೊನೆಗೆ ಶುರುವಾದ ಮೂರನೆಯ ಸೀಸನ್ ‘ಎ ನ್ಯೂ ಫ್ರಾಂಟಿಯರ್’ ಆ ಎಲ್ಲ ಅಂತ್ಯಗಳನ್ನೂ ಚಿಕ್ಕ ಚಿಕ್ಕ ನೆನಪಿನ ದೃಶ್ಯಗಳಲ್ಲಿ ಮುಗಿಸಿ ಎಲ್ಲರನ್ನೂ ಒಂದೇ ದಾರಿಗೆ ತಂದು ನಿಲ್ಲಿಸಿತು. ಕೊನೆಯ ಸೀಸನ್ನಿನ ಕಥೆ ಇನ್ನೂ ವಿಚಿತ್ರ. 2018ರ ಸೆಪ್ಟೆಂಬರ್ 21ರಂದು ಟೆಲ್‌ಟೇಲ್ ತನ್ನ ಬಹುಪಾಲು ಕೆಲಸಗಾರರನ್ನು ಕಳಿಸಿತು, ಎರಡನೆಯ ಕಂತು ಬಂದದ್ದು ಅದರ ನಾಲ್ಕು ದಿನದ ಮೇಲೆ. ಇಡೀ ಸೀಸನ್ನಿಗೆ ಮೊದಲೇ ಹಣ ಕೊಟ್ಟವರು ಕಾದರು. ಸ್ಕೈಬೌಂಡ್ ಗೇಮ್ಸ್ ಎಂಬ ಇನ್ನೊಂದು ಕಂಪನಿ ಕೈಗೆತ್ತಿಕೊಂಡು 2019ರ ಜನವರಿ ಮತ್ತು ಮಾರ್ಚಿನಲ್ಲಿ ಉಳಿದೆರಡು ಕಂತು ಮುಗಿಸಿತು. ಮುಗಿಯದ ಗೇಮಿಗೆ ‘ಕೊಳ್ಳಿ’ ಎಂದು ಬರೆಯುವಾಗ ಬಂದಿರುವ ಕಂತು ಎಷ್ಟು, ಬರಬೇಕಾದದ್ದು ಎಷ್ಟು ಎನ್ನುವುದು ಮೊದಲ ಪ್ಯಾರಾದಲ್ಲೇ ಇರಲಿ.

ಈಗ ಕೊಳ್ಳುವವರಿಗೆ ಎಲ್ಲ ಸೀಸನ್ನುಗಳೂ ಸೇರಿದ ‘ಡೆಫಿನಿಟಿವ್’ ಕಟ್ಟು ಸಿಗುತ್ತದೆ, 2019ರ ಸೆಪ್ಟೆಂಬರಿನದು. ಗೆರೆ-ನೆರಳುಗಳನ್ನು ತಿದ್ದಿದ್ದಾರೆ. ಹಳೆಯ ವಿಮರ್ಶೆಯ ತಾಂತ್ರಿಕ ಮಾತುಗಳನ್ನು ಇದಕ್ಕೆ ಹಾಗೆಯೇ ಅಂಟಿಸಬೇಡಿ, ಆಡಿ ನೋಡಿಯೇ ಬರೆಯಿರಿ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ ಹಣ ವಾಪಸಿಗೆ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರುವಾಗ ಕೇಳಬೇಕು. ಮೊದಲ ಕಂತಿನ ಕೊನೆಯ ಔಷಧಿ ಅಂಗಡಿಯ ದೃಶ್ಯ ಬರುವಷ್ಟರಲ್ಲಿ ಆ ಗಡುವು ಹತ್ತಿರ ಬಂದಿರುತ್ತದೆ. ಬೇಡ ಅನ್ನಿಸುವುದಿದ್ದರೆ ಹೊಲದ ದೃಶ್ಯ ಮುಗಿದ ಕೂಡಲೇ ನಿರ್ಧರಿಸಿ.