ನಾಣ್ಯದ ಮಸೂದೆ ಪಾಸಾದ ಮೇಲೂ ಹಣ ಬರಲು ದಾರಿ ದೂರವಿದೆ

ಅಮೆರಿಕದಲ್ಲಿ ಕ್ರೀಡಾ ಮ್ಯೂಸಿಯಂಗೆಂದು ಸ್ಮರಣಾರ್ಥ ನಾಣ್ಯದ ಮಸೂದೆ ಬಂದಾಗಲೆಲ್ಲ ಜನ ಮೊದಲು ಮಾಡುವುದು ಗುಣಾಕಾರ. ಕ್ಯಾನ್ಸಸ್ ಸಿಟಿಯ ನೀಗ್ರೋ ಲೀಗ್ಸ್ (ಕಪ್ಪು ಆಟಗಾರರು ಆಡುತ್ತಿದ್ದ ಲೀಗ್‌ಗಳು) ಬೇಸ್‌ಬಾಲ್ ಮ್ಯೂಸಿಯಂಗಾಗಿ 2022ರಲ್ಲಿ ಬಂದ ನಾಣ್ಯಗಳನ್ನೇ ನೋಡಿ. 5 ಡಾಲರಿನ ಚಿನ್ನದ ನಾಣ್ಯ 50,000, ಸರ್‌ಚಾರ್ಜ್ (ಮ್ಯೂಸಿಯಂಗೆಂದು ನಾಣ್ಯದ ಬೆಲೆಯಲ್ಲಿ ಸೇರಿಸುವ ಹೆಚ್ಚುವರಿ ಹಣ) ತಲಾ 35 ಡಾಲರ್. ಬೆಳ್ಳಿ ಡಾಲರ್ 4 ಲಕ್ಷ, ತಲಾ 10. ಅರ್ಧ ಡಾಲರ್ 4 ಲಕ್ಷ, ತಲಾ 5. ಒಟ್ಟು 77.5 ಲಕ್ಷ ಡಾಲರ್! ಈ ಅಂಕಿಯನ್ನು ಬಜೆಟ್ಟಿನಲ್ಲಿ ಬರೆದುಕೊಳ್ಳುವುದೇ ತಪ್ಪು.

ಕಾಯ್ದೆಯಲ್ಲಿರುವುದು ಗರಿಷ್ಠ ಮಿತಿ ಮಾತ್ರ. ಕೊಳ್ಳುವವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾರಾಟಕ್ಕೆ ಸಾಮಾನ್ಯವಾಗಿ ಒಂದೇ ವರ್ಷ. 2014ರ ಬೇಸ್‌ಬಾಲ್ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರನ್ನು ಗೌರವಿಸುವ ಮ್ಯೂಸಿಯಂ) ನಾಣ್ಯದ ಒಂದು ಮುಖ ಗ್ಲೌಸಿನಂತೆ ತಗ್ಗು, ಇನ್ನೊಂದು ಚೆಂಡಿನಂತೆ ಉಬ್ಬು. ಚಿನ್ನ, ಬೆಳ್ಳಿ ಪೂರ್ತಿ ಖರ್ಚಾದವು. ಅಷ್ಟು ಚೆಂದದ ನಾಣ್ಯವಾದರೂ ಅರ್ಧ ಡಾಲರ್ 7.5 ಲಕ್ಷದ ಮಿತಿ ಮುಟ್ಟಲಿಲ್ಲ.

ಮಸೂದೆ ಮುಂದೆ ಸಾಗಲು ಕೆಳಮನೆಯಲ್ಲಿ 290, ಸೆನೆಟ್‌ನಲ್ಲಿ 67 ಸಹಪ್ರಾಯೋಜಕರು ಬೇಕು. ವರ್ಷಕ್ಕೆ ಎರಡೇ ನಾಣ್ಯ ಯೋಜನೆಗೆ ಅವಕಾಶ. ಮೂರನೆಯದಾಗಿ ನುಸುಳಿದರೆ ಸರ್‌ಚಾರ್ಜ್ ಹಾಕುವಂತಿಲ್ಲ ಎಂಬ ಷರತ್ತು ಈಚಿನ ಕಾಯ್ದೆಗಳಲ್ಲಿ ಇರುತ್ತದೆ. ಈ ಓಡಾಟವೆಲ್ಲ ಎಲ್ಲರಿಗೂ ಗೊತ್ತು.

ಗೊತ್ತಾಗದೆ ಉಳಿಯುವುದು ಸರಿಸಮ ನಿಧಿಯ ಷರತ್ತು. ಎಷ್ಟು ಸಲ ಹೇಳಿದರೂ ಸಾಲದು. ಮೊದಲು ಟಂಕಸಾಲೆ ತನ್ನ ಲೋಹ, ಅಚ್ಚು, ಕೂಲಿ, ಪ್ರಚಾರದ ಖರ್ಚನ್ನೆಲ್ಲ ವಸೂಲು ಮಾಡಿಕೊಳ್ಳಬೇಕು. ಆಮೇಲೂ ಹಣ ತಾನಾಗಿ ಬರುವುದಿಲ್ಲ. ಸರ್‌ಚಾರ್ಜ್ 30 ಲಕ್ಷ ಸೇರಿದ್ದರೆ, ಅದೇ ಉದ್ದೇಶಕ್ಕೆ ಮ್ಯೂಸಿಯಂ ಕನಿಷ್ಠ 30 ಲಕ್ಷವನ್ನು ಖಾಸಗಿಯಾಗಿ ಕೂಡಿಸಿದೆ ಎಂದು ಲೆಕ್ಕಪರಿಶೋಧನೆಯಾದ ಪತ್ರ ತೋರಿಸಬೇಕು. ಖಾಸಗಿಯಾಗಿ ಎಂದರೆ ದಾನಿಗಳಿಂದ, ಕಂಪನಿಗಳಿಂದ. ರಾಜ್ಯದ ಅನುದಾನ, ನಗರದ ನೆರವು ಇಲ್ಲಿ ಲೆಕ್ಕಕ್ಕಿಲ್ಲ. 'ಅದೇ ಉದ್ದೇಶ' ಎಂಬ ಮಾತನ್ನೂ ಗಟ್ಟಿಯಾಗಿ ಹಿಡಿಯಬೇಕು: ಕಾಯ್ದೆ ಶಿಕ್ಷಣ, ಪ್ರದರ್ಶನ ಎಂದು ಹೇಳಿದ್ದರೆ ಚಾವಣಿ ದುರಸ್ತಿಗೆ ಬಂದ ದೇಣಿಗೆ ತೋರಿಸಿದರೆ ತಕರಾರು ಬರಬಹುದು. ಪ್ರತಿ ಕಾಯ್ದೆಯ ಪದ ಬೇರೆ. ವಕೀಲರ ಜೊತೆ ಕೂತು ಓದಿ. ಮಾರಾಟ ಮುಗಿದ ಮೇಲೆ ಇದಕ್ಕೂ ಗಡುವು ಇದೆ.

ನೀಗ್ರೋ ಲೀಗ್ಸ್‌ನಂಥ ಕಡೆ ಆಡಿದವರ ಬದುಕನ್ನು ಮಕ್ಕಳಿಗೆ ತೋರಿಸಬೇಕೆಂದು ಹಗಲಿರುಳು ದುಡಿಯುವವರು ಇಲ್ಲಿ ಎಡವುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಮಸೂದೆಯ ಕರಡು ತಯಾರಾಗುವ ಹೊತ್ತಿಗೇ ದಾನಿಗಳ ಬಳಿ ಹೋಗಿ. ಬಂದ ದೇಣಿಗೆಗೆ ಪ್ರತ್ಯೇಕ ಖಾತೆ ತೆರೆಯಿರಿ. ರಶೀದಿಯಲ್ಲಿ ಉದ್ದೇಶವನ್ನು ಕಾಯ್ದೆಯ ಪದಗಳಲ್ಲೇ ಬರೆಯಿರಿ.