ಪಾಸ್‌ವರ್ಡ್ ಇದ್ದರೂ ಬೇರೆಯವರ ಅಡಿಕೆ ಪಟ್ಟಿ ಕಾಣೋದು ಹೇಗೆ?

ಪ್ರಶ್ನೆ: ನಮ್ಮ ಸಂಘದ ವೆಬ್‌ಸೈಟಿಗೆ ಲಾಗಿನ್ ಆಗಿ ಅಡಿಕೆ ಮಾರಿದ ಪಟ್ಟಿ ನೋಡುತ್ತಿದ್ದೆ. ಆ ವೆಬ್ ಪುಟದ ವಿಳಾಸದ ಕೊನೆಯಲ್ಲಿ 4182 ಅಂತಿತ್ತು. ಸುಮ್ನೆ 4183 ಮಾಡಿ ನೋಡಿದರೆ ಬೇರೊಬ್ಬರ ಪಟ್ಟಿ ಬಂತು. ಪಾಸ್‌ವರ್ಡ್ ಇದ್ದೂ ಹೀಗಾಗುತ್ತದಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಆಗುತ್ತದೆ. ಪಾಸ್‌ವರ್ಡ್‌ನಿಂದ ಗೊತ್ತಾಗೋದು ನೀವು ಯಾರು ಅನ್ನೋದು ಮಾತ್ರ. ನೀವು ಏನನ್ನು ನೋಡಬಹುದು ಅನ್ನೋದನ್ನು ಸರ್ವರ್ (ವೆಬ್‌ಸೈಟ್ ನಡೆಸುವ ಕಂಪ್ಯೂಟರ್) ಪ್ರತಿ ಸಲವೂ ಬೇರೆಯಾಗಿ ವಿಚಾರಿಸಬೇಕು. ನಿಮ್ಮ ಸಂಘದ ಸಾಫ್ಟ್‌ವೇರ್ ಅದನ್ನು ವಿಚಾರಿಸುತ್ತಿಲ್ಲ. ಒಳಗೆ ಬಂದವರು ಯಾವ ನಂಬರ್ ಹೇಳಿದರೂ ಆ ಪಟ್ಟಿ ತೆಗೆದು ಕೈಗೆ ಕೊಡುವ ಮಂಡಿ ಗುಮಾಸ್ತನ ಹಾಗೆ.

ಇದು ಸಣ್ಣ ವಿಷಯ ಅಲ್ಲ. ರಾಶಿ ಅಡಿಕೆ ಎಷ್ಟು ಕ್ವಿಂಟಾಲ್, ಬೆಟ್ಟೆ ಅಡಿಕೆ ಎಷ್ಟು, ಯಾವ ದರಕ್ಕೆ ಹೋಯ್ತು, ಸಾಲಕ್ಕೆ ಎಷ್ಟು ಮುರಿದುಕೊಂಡರು, ಹಣ ಯಾವ ಖಾತೆಗೆ ಬಿತ್ತು – ಒಂದು ಮನೆಯ ವರ್ಷದ ದುಡಿಮೆಯೆಲ್ಲ ಅಲ್ಲಿರುತ್ತದೆ. ಇಷ್ಟು ವಿವರ ಹಿಡಿದು ಮೋಸಗಾರ ಫೋನ್ ಮಾಡಿದರೆ ಎಂಥವರೂ ನಂಬಿಬಿಡುತ್ತಾರೆ, ಅಲ್ವಾ?

ವೆಬ್ ಸುರಕ್ಷತೆಯ ಓವಾಸ್ಪ್ ಸಂಸ್ಥೆ ಹತ್ತು ದೊಡ್ಡ ಅಪಾಯಗಳನ್ನು ಆಗಾಗ ಪ್ರಕಟಿಸುತ್ತದೆ. ಅದರಲ್ಲಿ 2017ರಲ್ಲಿ 5ನೇ ಸ್ಥಾನದಲ್ಲಿದ್ದ ಈ ಬಗೆಯ ದೋಷ 2021ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಆಸ್ತಿ ಹಕ್ಕಿಗೆ ವಿಮೆ ಕೊಡುವ ಅಮೆರಿಕದ ಫಸ್ಟ್ ಅಮೆರಿಕನ್ ಕಂಪನಿಯ ಸುಮಾರು 88.5 ಕೋಟಿ ದಾಖಲೆಗಳು ಹೀಗೆ ನಂಬರ್ ಬದಲಿಸಿದರೆ ಸಿಗುವಂತಿದ್ದವು ಎಂದು 2019ರಲ್ಲಿ ವರದಿಯಾಗಿತ್ತು. ಅಲ್ಲಂತೂ ಲಾಗಿನ್ ಕೂಡ ಬೇಕಿರಲಿಲ್ಲ.

ಸರಿಪಡಿಸೋದು ಕಷ್ಟವೇನಲ್ಲ. ಈಗ ಸರ್ವರ್ ‘4183 ಕೊಡು’ ಅಂತ ಪಟ್ಟಿಗಳೆಲ್ಲ ಇರುವ ಡೇಟಾಬೇಸನ್ನು ಕೇಳುತ್ತಿದೆ. ‘4183 ಈಗ ಲಾಗಿನ್ ಆಗಿರುವ ಸದಸ್ಯರದ್ದೇ ಆಗಿದ್ದರೆ ಮಾತ್ರ ಕೊಡು’ ಅಂತ ಕೇಳಬೇಕು. ನಂಬರ್ ಬದಲು ಉದ್ದನೆಯ ಗೋಜಲು ಅಕ್ಷರ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಅದರಿಂದ ಊಹಿಸೋದು ಕಷ್ಟವಾಗಬಹುದು, ಆದರೆ ಆ ಲಿಂಕ್ ವಾಟ್ಸಾಪ್‌ನಲ್ಲಿ ಯಾರಿಗೋ ಹೋದರೆ ಮತ್ತೆ ಅದೇ ಕಥೆ.

ನೀವು ಇನ್ನೊಂದು ನಂಬರನ್ನೂ ಹಾಕಿ ನೋಡಬೇಡಿ, ದಯವಿಟ್ಟು. ಅನುಮತಿಯಿಲ್ಲದೆ ಬೇರೆಯವರ ಮಾಹಿತಿ ತೆಗೆಯೋದು 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಡಿ ನಿಮಗೇ ತೊಂದರೆ ತರಬಹುದು. ಕಂಡ ಪಟ್ಟಿಯನ್ನು ಯಾರಿಗೂ ಕಳಿಸಬೇಡಿ. ದಿನಾಂಕ, ಸಮಯ, ಏನು ಮಾಡಿದಾಗ ಏನಾಯ್ತು ಅಂತ ಬರೆದು ಸಂಘದ ಕಾರ್ಯದರ್ಶಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ಇಮೇಲ್‌ನಲ್ಲಿ ತಿಳಿಸಬಹುದು.

ಪತ್ರದಲ್ಲಿ ಇದೊಂದನ್ನೂ ಸೇರಿಸಿ: ಪುಟಕ್ಕೆ ಬೀಗ ಹಾಕಿದವರೂ ‘ಪಿಡಿಎಫ್ ಡೌನ್‌ಲೋಡ್’ ಲಿಂಕನ್ನು ಹಾಗೇ ತೆರೆದಿಡುವುದು ಜಾಸ್ತಿ. ಅದನ್ನೂ ಪರೀಕ್ಷಿಸಿ ಅಂತ ಕೇಳಿ.